ಹಾವಿಗೂ ಒಂದೇ ಊಟ ಬೇಡ, ಅಳಿಯ

ಕಳೆದ ಭಾನುವಾರ ವಿಡಿಯೋ ಕಾಲಿನಲ್ಲಿ ನಿನ್ನ ಎರಡು ಗಾರ್ಟರ್ ಹಾವುಗಳನ್ನು ನೋಡಿ ಖುಷಿಯಾಯಿತು. ಬೆನ್ನ ನಡುವೆ ಸಣ್ಣ ಹಳದಿ ಗೆರೆ, ಅದರ ಎರಡೂ ಬದಿಗೆ ಚದುರಂಗದ ಮನೆಗಳ ಹಾಗೆ ಕಪ್ಪು ಚೌಕ, ಕತ್ತಿನ ಹಿಂದೆ ಆಚೆಗೊಂದು ಈಚೆಗೊಂದು ಹಳದಿ ಅರ್ಧಚಂದ್ರ. ಚೆಕರ್ಡ್ ಗಾರ್ಟರ್ ಅಂದೆಯಲ್ಲ, ಸರಿಯಾಗಿಯೇ ಅಂದೆ. ನಿನ್ನ ಮಗಳು ಗಾಜಿಗೆ ಮೂಗು ಒತ್ತಿಕೊಂಡು "ಹಾವು ಮಮ್ಮು ತಿಂತಿದೆ" ಅಂತ ಕುಣಿಯುತ್ತಿದ್ದಳು. ನಾನೂ ನಕ್ಕೆ. ಆಮೇಲೆ ನೀರಿನ ಬಟ್ಟಲಲ್ಲಿ ಓಡಾಡುತ್ತಿದ್ದ ತೆಳು ಗುಲಾಬಿ ಬಣ್ಣದ ಮೀನುಗಳು ಕಣ್ಣಿಗೆ ಬಿದ್ದವು. "ಏನೋ ಅದು?" ಅಂದೆ. "ರೋಸಿ ರೆಡ್, ಮಾವ. ಸಿಕ್ಕಾಪಟ್ಟೆ ಅಗ್ಗ. ತಂದಾಗಿನಿಂದ ಅದೇ ಕೊಡ್ತಿದೀನಿ, ಒಂದು ದಿನ ಬೇಡ ಅಂದಿಲ್ಲ" ಅಂದೆ. ನನ್ನ ನಗು ಅಲ್ಲಿಗೇ ನಿಂತಿತು.

ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಆಯ್ತು ಮಾವ" ಅನ್ನುವವನು ನೀನು. ನಿಮ್ಮಮ್ಮನೂ ಹಾಗೆಯೇ, ನಮ್ಮಕ್ಕ ಅಲ್ಲವೇ, ನನಗೆ ಗೊತ್ತಿಲ್ಲವೇ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮಿನ್ನೆಸೋಟಾಕ್ಕೆ ಬಂದ ಹೊಸತರಲ್ಲಿ ನಾನೂ ಇದೇ ಜಾತಿಯ ಒಂದು ಹೆಣ್ಣು ಹಾವು ಸಾಕಿದ್ದೆ. ಅಂಗಡಿಯವನು ಹಾವಿನ ಜೊತೆಗೇ ಒಂದು ಚೀಲ ಪುಟ್ಟ ಮೀನು ಕಟ್ಟಿಕೊಟ್ಟು "ಇದೊಂದಿದ್ದರೆ ಸಾಕು" ಅಂದ. ನಂಬಿದೆ. ನಂಬುವುದು ಸುಲಭವೂ ಆಗಿತ್ತು. ಶನಿವಾರ ಹಾಲು, ಬ್ರೆಡ್ಡು ತರಲು ಹೋದವನು ಒಂದು ಚೀಲ ಮೀನೂ ತಂದರಾಯಿತು. ಸುಮಾರು ಒಂದು ವರ್ಷ ಹಾಗೇ ನಡೆಯಿತು. ಮೈ ತುಂಬಿಕೊಂಡಿತ್ತು, ಪೊರೆ ಒಂದೇ ತುಂಡಾಗಿ ಕಳಚುತ್ತಿತ್ತು, ಏನೂ ಕೊರತೆ ಕಾಣಲಿಲ್ಲ. ಒಂದು ದಿನ ಬೆಳಿಗ್ಗೆ ನೋಡಿದರೆ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು, ಏನೋ ಕೇಳಿಸಿಕೊಳ್ಳುವವರ ಹಾಗೆ ಮಲಗಿದೆ. ಕೈಯಲ್ಲೆತ್ತಿ ನೆಲಕ್ಕೆ ಬಿಟ್ಟೆ. ಹೊಟ್ಟೆ ಮೇಲಾಗಿ ಮಗುಚಿಕೊಂಡಿತು. ಮಗುಚಿಕೊಂಡದ್ದು ಅದಕ್ಕೆ ತಿಳಿಯಲೇ ಇಲ್ಲ. ಆರೋಗ್ಯವಾಗಿರುವ ಹಾವನ್ನು ಅಂಗಾತ ಹಾಕಿ ನೋಡು, ಕ್ಷಣದಲ್ಲಿ ಹೊರಳಿ ಸರಿಯಾಗುತ್ತದೆ. ಇದು ಹಾಗೇ ಬಿದ್ದುಕೊಂಡು ಬಾಲದ ತುದಿ ನಡುಗಿಸುತ್ತಿತ್ತು. ಚಳಿ ಆಗಿರಬೇಕು ಅಂದುಕೊಂಡು ದೀಪದ ಶಾಖ ಹೆಚ್ಚಿಸಿದೆ. ಒಂದು ದಿನ ಅದರಲ್ಲೇ ಹೋಯಿತು. ಮಾರನೆಯ ದಿನ ಡಾಕ್ಟರ ಬಳಿಗೆ ಒಯ್ದೆ. ಅವರು ಹಾವನ್ನು ಮುಟ್ಟುವ ಮೊದಲೇ ಕೇಳಿದ ಪ್ರಶ್ನೆ ಒಂದೇ: "ಏನು ತಿನ್ನಿಸುತ್ತಿದ್ದೀರಿ?"

ಹೇಳಿದೆ. ಅವರು ಇಂಜೆಕ್ಷನ್ ಕೊಟ್ಟರು. ತಡವಾಗಿತ್ತು.

ಆ ಇಂಜೆಕ್ಷನ್ನಿನಲ್ಲಿ ಇದ್ದದ್ದು ಥಯಮಿನ್, ಅಂದರೆ ಬಿ-1 ಜೀವಸತ್ವ. ನೀನು ಕೊಡುತ್ತಿರುವ ರೋಸಿ ರೆಡ್ ಬೇರೆ ಏನೂ ಅಲ್ಲ, ಫ್ಯಾಟ್‌ಹೆಡ್ ಮಿನ್ನೋ ಅನ್ನುವ ಮೀನಿನ ಗುಲಾಬಿ ತಳಿ. ಅದರ ಮೈಯಲ್ಲಿ, ಗೋಲ್ಡ್‌ಫಿಷ್‌ನ ಮೈಯಲ್ಲಿ, ಇನ್ನೂ ಹಲವು ಮೀನುಗಳಲ್ಲಿ ಥಯಾಮಿನೇಸ್ ಎಂಬ ಒಂದು ಕಿಣ್ವ ಇದೆ. ಬಿ-1 ಎಲ್ಲಿ ಕಂಡರೂ ಅದನ್ನು ಕತ್ತರಿಸಿ ಹಾಕುವುದೇ ಅದರ ಕೆಲಸ. ಮೀನಿನಲ್ಲಿರುವ ಬಿ-1 ಹೋಗಲಿ, ಜೊತೆಗೆ ಹೊಟ್ಟೆಗೆ ಬಿದ್ದ ಬೇರೆ ಆಹಾರದ ಬಿ-1 ಅನ್ನೂ ಅದು ಬಿಡುವುದಿಲ್ಲ. ಫ್ರೀಜರಿನಲ್ಲಿಟ್ಟರೆ ಸಾಯುತ್ತದೆ ಅಂದುಕೊಳ್ಳಬೇಡ, ಅದು ಶೀತಕ್ಕೆ ಜಗ್ಗುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಮಾತ್ರ ಕೆಡುತ್ತದೆ. ಬಿ-1 ಇಲ್ಲದೆ ನರಗಳು ನಡೆಯುವುದಿಲ್ಲ. ತಲೆ ವಾಲುವುದು, ಮೈ ತಿರುಚಿಕೊಳ್ಳುವುದು, ನಡುಕ, ಕೊನೆಗೆ ಸೆಳೆತ. ಹಾವು ತಿನ್ನುವುದನ್ನು ಬಿಟ್ಟಿರುವುದಿಲ್ಲ, ಹೊಟ್ಟೆ ತುಂಬಿರುತ್ತದೆ, ಆದರೂ ಒಳಗೆ ಉಪವಾಸ.

ನನಗೆ ಇನ್ನೂ ಹೊಟ್ಟೆ ಉರಿಯುವುದು ಏಕೆ ಗೊತ್ತೇ? ಈ ಸಂಗತಿ ನಾನಿರುವ ಇದೇ ಮಿನ್ನೆಸೋಟಾದಲ್ಲಿ 1932ರಷ್ಟು ಹಿಂದೆಯೇ ಕಾಣಿಸಿಕೊಂಡಿತ್ತು. ತುಪ್ಪಳಕ್ಕಾಗಿ ನರಿ ಸಾಕುತ್ತಿದ್ದ ಒಂದು ಫಾರ್ಮಿನಲ್ಲಿ ಹಸಿ ಕಾರ್ಪ್ ಮೀನು ತಿಂದ ನರಿಗಳು ಕಾಲು ಸೋತು ಬಿದ್ದು ಸತ್ತವು. ಆ ಫಾರ್ಮಿನವರ ಹೆಸರಿನ ಮೇಲೆ ಆ ರೋಗಕ್ಕೆ ಚಾಸ್ಟೆಕ್ ಪಾರ್ಶ್ವವಾಯು ಎಂದೇ ಹೆಸರಾಯಿತು. ಹಸಿ ಮೀನಿನಲ್ಲಿ ಬಿ-1 ನಾಶ ಮಾಡುವ ವಸ್ತು ಇದೆ ಎಂಬುದು ಹೊರಬಿದ್ದದ್ದು ಆ ನರಿಗಳಿಂದ. ಗೋಲ್ಡ್‌ಫಿಷ್ ಕೂಡ ಅದೇ ಕಾರ್ಪ್ ಬಳಗದ್ದೇ. ನರಿಗಳು ಕಲಿಸಿದ ಪಾಠ ಎಷ್ಟೋ ದಶಕ ಕಳೆದರೂ ಅಂಗಡಿಯ ಗಾಜಿನ ತೊಟ್ಟಿಯ ತನಕ ಬಂದಿರಲಿಲ್ಲ. ನನ್ನ ತಲೆಗೂ ಬಂದಿರಲಿಲ್ಲ, ಬಿಡು.

ಹಾಗಾಗಿ ಹಾವಿನ ಊಟದಲ್ಲಿ ವೈವಿಧ್ಯ ಇರಲಿ ಅಂತ ನಾನು ಹೇಳುವುದು ಅದರ ನಾಲಿಗೆಯ ಚಪಲಕ್ಕಲ್ಲ. ಸೋಮವಾರ ಇಡ್ಲಿ, ಮಂಗಳವಾರ ಅವಲಕ್ಕಿ ಅನ್ನುವ ಆಸೆ ನಮ್ಮದು, ಹಾವಿಗೆ ಅದಿಲ್ಲ. ನಾವು ಒಂದನ್ನೇ ಕೊಟ್ಟರೆ ಹುಟ್ಟಿದಾಗಿನಿಂದ ಸಾಯುವ ತನಕ ಅದನ್ನೇ ತಿಂದುಕೊಂಡಿರುತ್ತದೆ. ವೈವಿಧ್ಯ ಬೇಕಾಗಿರುವುದು ನಮ್ಮ ಅಜ್ಞಾನಕ್ಕೆ. ಯಾವ ಆಹಾರದಲ್ಲಿ ಯಾವ ಕೊರತೆ ಅಡಗಿದೆಯೋ ನಮಗೆ ಪೂರ್ತಿ ತಿಳಿದಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬಲಿ ಎಂದು ಮೂರು ನಾಲ್ಕು ಬಗೆ ಇಟ್ಟುಕೊಳ್ಳುವುದು, ಅಷ್ಟೆ.

ಕಾಡಿನಲ್ಲಿ ಇವು ಏನು ತಿನ್ನುತ್ತವೆ ನೋಡು. ಎರೆಹುಳು, ಕಪ್ಪೆ, ನೆಲಗಪ್ಪೆ, ಸಾಲಮ್ಯಾಂಡರ್, ಮೀನು, ಚಿಪ್ಪಿಲ್ಲದ ಬಸವನಹುಳು, ನಮ್ಮೂರಿನ ಉಂಬಳದ ಬಂಧುಗಳಾದ ಜಿಗಣೆಗಳು, ಸಿಕ್ಕರೆ ಒಂದು ಇಲಿಮರಿ, ಗೂಡಿನಿಂದ ಬಿದ್ದ ಹಕ್ಕಿಮರಿ. ಗಾರ್ಟರ್ ಕುಲದಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಗಳಿವೆ, ಒಂದೊಂದರ ಬಾಯಿರುಚಿ ಒಂದೊಂದು. ಬಟ್ಲರ್ಸ್ ಗಾರ್ಟರ್ ಅನ್ನುವುದು ಹೆಚ್ಚುಕಡಿಮೆ ಎರೆಹುಳುವಿನ ಮೇಲೇ ಬದುಕುತ್ತದೆ. ಪೆಸಿಫಿಕ್ ಕರಾವಳಿಯಲ್ಲಿ ನ್ಯೂಟ್ ಎಂಬ ಒಂದು ಜಾತಿಯ ಸಾಲಮ್ಯಾಂಡರ್ ಇದೆ. ಅದರ ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ಘೋರ ವಿಷ. ಮನುಷ್ಯ ಅದನ್ನು ನುಂಗಿದರೆ ಉಳಿಯುವುದು ಕಷ್ಟ. ಅಲ್ಲಿನ ಗಾರ್ಟರ್ ಹಾವುಗಳು ಅದನ್ನೂ ನುಂಗಿ ಜೀರ್ಣಿಸಿಕೊಳ್ಳುತ್ತವೆ. ನಿನ್ನ ಚೆಕರ್ಡ್ ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾ ಕಡೆಯದು. ಇಲಿಮರಿಯನ್ನು ಒಪ್ಪಿಸುವುದು ಇದಕ್ಕೆ ಉಳಿದವಕ್ಕಿಂತ ಸುಲಭ. ನೀನು ಅದೃಷ್ಟವಂತ.

ಈ ಬಾಯಿರುಚಿ ಹುಟ್ಟಿನಿಂದಲೇ ಬರುತ್ತದೆ. 1960ರ ದಶಕದಲ್ಲಿ ಗೋರ್ಡನ್ ಬರ್ಗ್‌ಹಾರ್ಟ್ ಎಂಬ ವಿಜ್ಞಾನಿ ಇನ್ನೂ ಒಂದು ತುತ್ತೂ ತಿಂದಿರದ ಹಾವಿನ ಮರಿಗಳ ಮುಂದೆ ಹತ್ತಿ ಸುತ್ತಿದ ಕಡ್ಡಿ ಹಿಡಿದರು. ಎರೆಹುಳು, ಮೀನು ಇಂಥವನ್ನು ತೊಳೆದ ನೀರಿನಲ್ಲಿ ಅದ್ದಿದ ಕಡ್ಡಿ ಬಂದರೆ ಮರಿಗಳು ನಾಲಿಗೆಯನ್ನು ಸರಸರ ಆಡಿಸಿ ಕಡ್ಡಿಗೇ ಬಾಯಿ ಹಾಕುತ್ತಿದ್ದವು. ಬರೀ ನೀರಿನಲ್ಲಿ ಅದ್ದಿದ್ದಕ್ಕೆ ತಿರುಗಿಯೂ ನೋಡುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸ್ಟೀವನ್ ಆರ್ನಾಲ್ಡ್ ಇನ್ನೊಂದು ಕಂಡುಕೊಂಡರು. ಒಂದೇ ಜಾತಿಯ ಹಾವು, ಕರಾವಳಿಯ ತಾಯಿಗೆ ಹುಟ್ಟಿದ ಮರಿ ಚಿಪ್ಪಿಲ್ಲದ ಬಸವನಹುಳುವನ್ನು ಆಸೆಯಿಂದ ನುಂಗುತ್ತದೆ, ಒಳನಾಡಿನ ತಾಯಿಗೆ ಹುಟ್ಟಿದ್ದು ಮೂಗು ಮುರಿಯುತ್ತದೆ. ಒಳನಾಡಿನಲ್ಲಿ ಆ ಹುಳುವೇ ಇಲ್ಲ. ಕರಾವಳಿಯವರಿಗೆ ಮೀನು, ಮಲೆನಾಡಿನವರಿಗೆ ಕಳಲೆ ಇದ್ದ ಹಾಗೆ ಅನ್ನೋಣ ಅಂದರೆ, ನಮ್ಮದು ಅಭ್ಯಾಸ, ಅವುಗಳದ್ದು ರಕ್ತ.

ನಿನಗೆ ಇದರಿಂದ ಆಗುವ ಉಪಯೋಗ ಇಷ್ಟು: ಹಾವು ಆಹಾರವನ್ನು ಗುರುತಿಸುವುದು ವಾಸನೆಯಿಂದ. ಹೊಸ ತಿನಿಸು ತಿನ್ನಿಸಬೇಕಾದರೆ ಅದಕ್ಕೆ ಹಳೆಯ ತಿನಿಸಿನ ವಾಸನೆ ಹಚ್ಚಬೇಕು. ಉಳಿದದ್ದೆಲ್ಲ ತಾಳ್ಮೆ.

ಮೊದಲು ಎರೆಹುಳುವಿನಿಂದ ಶುರು ಮಾಡು. ಇಲ್ಲಿ ಗಾಳ ಹಾಕುವವರಿಗಾಗಿ ಮಾರುವ ನೈಟ್‌ಕ್ರಾಲರ್ ಅಂತ ಇದೆಯಲ್ಲ, ಬೆರಳಿಗಿಂತ ಉದ್ದದ ದಪ್ಪ ಹುಳು, ಅದು ಒಳ್ಳೆಯದು. ಬಣ್ಣ ಹಾಕಿ ಹಸಿರು ಮಾಡಿದ್ದೂ ಸಿಗುತ್ತದೆ, ಅದು ಬೇಡ. ತಂದ ಹುಳುವನ್ನು ತಣ್ಣೀರಿನಲ್ಲಿ ತೊಳೆದು, ಹಾವಿನ ಗಾತ್ರ ನೋಡಿ ಕತ್ತರಿಸಿ ಕೊಡು. ಅಂಗಳದ ಹುಳು ಕೊಡುವುದಾದರೆ ಆ ಹುಲ್ಲಿಗೆ ಔಷಧಿ ಹೊಡೆದಿಲ್ಲ ಎಂಬುದು ನಿನಗೆ ಖಾತ್ರಿ ಇರಬೇಕು. ನಿನ್ನ ಅಪಾರ್ಟ್‌ಮೆಂಟಿನ ಲಾನ್ ಬಗ್ಗೆ ಅಂಥ ಖಾತ್ರಿ ಯಾರೂ ಕೊಡಲಾರರು.

ಒಂದು ಎಚ್ಚರ ಇಲ್ಲಿದೆ, ಇದನ್ನು ಮರೆಯಬೇಡ. ಬಾಲ್ಕನಿಯಲ್ಲಿ ಎರೆಗೊಬ್ಬರದ ಡಬ್ಬಿ ಇಟ್ಟಿದ್ದೀಯಲ್ಲ, ಅದರ ಹುಳು ಹಾವಿಗೆ ಆಗುವುದಿಲ್ಲ. ಅದು ರೆಡ್ ವಿಗ್ಲರ್. ಊರಲ್ಲಿ ನಿಮ್ಮಮ್ಮ ತೆಂಗಿನ ಗರಿ, ಸಗಣಿ ಹಾಕಿ ಸಾಕುವ ಐಸೀನಿಯಾ ಹುಳುವೂ ಅದೇ. ಸಣ್ಣಗೆ, ಕೆಂಪಗೆ, ಮೈಮೇಲೆ ಹಳದಿ ಉಂಗುರ ಉಂಗುರವಾಗಿ ಇರುತ್ತದೆ. ಹಿಸುಕಿದರೆ ಕೆಟ್ಟ ವಾಸನೆಯ ಹಳದಿ ರಸ ಬಿಡುತ್ತದೆ. ಗೊಬ್ಬರಕ್ಕೆ ಬಂಗಾರ, ಹಾವಿಗೆ ಹಾನಿ. ಮನೆಯಲ್ಲೇ ಇದೆ, ದುಡ್ಡೂ ಉಳಿಯಿತು ಅಂತ ಕೈ ಹಾಕೀಯ.

ಎರೆಹುಳು ಒಳ್ಳೆಯದೇ, ಆದರೆ ಅದೊಂದೇ ಆದರೆ ಮತ್ತೆ ನನ್ನ ಹಳೆಯ ತಪ್ಪು ಬೇರೆ ವೇಷದಲ್ಲಿ ಬಂದ ಹಾಗೆ. ಅದರಲ್ಲಿ ಎಲುಬಿಲ್ಲ. ರಂಜಕಕ್ಕೆ ಹೋಲಿಸಿದರೆ ಸುಣ್ಣದ ಅಂಶ ಕಡಿಮೆ. ಬೆಳೆಯುವ ಮರಿಗೆ ಅದು ಸಾಲದು. ಸರೀಸೃಪಗಳಿಗೆಂದೇ ಮಾರುವ ಕ್ಯಾಲ್ಸಿಯಂ ಪುಡಿಯನ್ನು ಹುಳುವಿನ ತುಂಡಿನ ಮೇಲೆ ಚಿಟಿಕೆಯಷ್ಟು ಉದುರಿಸು. ರೊಟ್ಟಿಗೆ ಹಿಟ್ಟು ಹಚ್ಚಿದ ಹಾಗೆ ಬೆಳ್ಳಗೆ ಮಾಡಬೇಡ, ಹಾವು ಹತ್ತಿರವೂ ಬರುವುದಿಲ್ಲ.

ಮೀನು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೀನು ಬದಲಿಸು ಅನ್ನುತ್ತಿದ್ದೇನೆ. ಗಪ್ಪಿ, ಪ್ಲಾಟಿ, ಮೋಲಿ ಇವುಗಳಲ್ಲಿ ಆ ಕಿಣ್ವದ ಕಾಟ ಇಲ್ಲ. ಗಪ್ಪಿ ಅಂದರೆ ನಿನಗೂ ಪರಿಚಯ; ಊರಿನ ಬಾವಿ, ನೀರಿನ ತೊಟ್ಟಿಗಳಿಗೆ ಸೊಳ್ಳೆಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ತಂದು ಬಿಡುವ ಮೀನು. ಹತ್ತು ಗ್ಯಾಲನ್ನಿನ ತೊಟ್ಟಿಯಲ್ಲಿ ಐದಾರು ಹೆಣ್ಣು, ಒಂದೆರಡು ಗಂಡು ಬಿಟ್ಟರೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತವೆ. ಅಂಗಡಿಯ ಮೀನಿನ ಜೊತೆ ಬರುವ ರೋಗ, ಪರೋಪಜೀವಿಗಳ ಭಯವೂ ಕಡಿಮೆ. ಜೀವಂತ ಮೀನನ್ನು ಅಗಲ ಬಟ್ಟಲಿನಲ್ಲಿ ಬಿಟ್ಟರೆ ಹಾವಿಗೆ ಬೇಟೆಯ ಕೆಲಸವೂ ಆಯಿತು. ಇಡೀ ಮೀನು ನುಂಗುವುದರಿಂದ ಮುಳ್ಳಿನ ಸುಣ್ಣವೂ ಸಿಕ್ಕಿತು.

ಅಂಗಡಿಯಲ್ಲಿ ಮನುಷ್ಯರಿಗಾಗಿ ಮಾರುವ ಟ್ರೌಟ್, ತಿಲಾಪಿಯಾ ಮೀನನ್ನು ತುಂಡು ಮಾಡಿ ಕೊಡಬಹುದು. ಮುಳ್ಳು ತೆಗೆದ ತುಂಡಾದರೆ ಕ್ಯಾಲ್ಸಿಯಂ ಪುಡಿ ಮರೆಯಬಾರದು. ಉಪ್ಪು, ನಿಂಬೆ, ಮಸಾಲೆ ಏನೂ ತಾಗಿರಬಾರದು. ನೀನು ನಿನಗೆ ಅಂತ ಮಸಾಲೆ ಹಚ್ಚಿಟ್ಟದ್ದರಿಂದ ಒಂದು ಚೂರು ತೆಗೆದು ಹಾಕುವ ಪೈಕಿ, ಅದಕ್ಕೇ ಹೇಳಿದೆ.

ಕಪ್ಪೆ ಇವುಗಳಿಗೆ ಹಬ್ಬದೂಟ. ಆದರೂ ನಿನ್ನ ಮನೆ ಹಿಂದಿನ ಹಳ್ಳದಿಂದ ಕಪ್ಪೆ ಹಿಡಿದು ತರಬೇಡ. ಕಾಡಿನ ಕಪ್ಪೆಯ ಮೈಯಲ್ಲಿ ಜಂತುಗಳು ತುಂಬಿರುತ್ತವೆ. ಕಾಡಿನ ಹಾವು ಹೇಗೋ ನಿಭಾಯಿಸುತ್ತದೆ, ಗಾಜಿನ ಪೆಟ್ಟಿಗೆಯಲ್ಲಿರುವುದಕ್ಕೆ ಕಷ್ಟ. ಅಲ್ಲದೆ ಕಪ್ಪೆಗಳೇ ಜಗತ್ತಿನ ಎಲ್ಲೆಡೆ ಕಡಿಮೆಯಾಗುತ್ತಿರುವ ಕಾಲ ಇದು. ತೋಟದ ಬಸವನಹುಳುವಿಗೂ ಇದೇ ಮಾತು. ಮಿಡತೆ, ಕ್ರಿಕೆಟ್ ಹುಳು ಹಲ್ಲಿಗಳಿಗೆ ಸರಿ, ಇವು ಅದನ್ನು ಆಹಾರ ಅಂತ ಲೆಕ್ಕಕ್ಕೇ ಇಟ್ಟಿಲ್ಲ. ನಾಗರಪಂಚಮಿಯ ದಿನ ನಿಮ್ಮಮ್ಮ ಫೋನ್ ಮಾಡಿ "ಒಂದು ಹನಿ ಹಾಲಾದರೂ ಇಡೋ" ಅನ್ನುತ್ತಾಳೆ. "ಇಟ್ಟೆ" ಅನ್ನಬೇಡ, ಸುಳ್ಳಾಗುತ್ತದೆ, ಇಡಲೂಬೇಡ. ಹಾಲು ಹಾವಿನ ಆಹಾರವಲ್ಲ. ಶುದ್ಧ ನೀರು ಇಟ್ಟೆ ಅನ್ನು.

ಈಗ ಇಲಿಮರಿ. ನಮ್ಮ ಮನೆಗಳಲ್ಲಿ ಕಷ್ಟದ ವಿಷಯ ಇದೇ. ಇಡೀ ಇಲಿಮರಿಯಲ್ಲಿ ಎಲುಬು, ಯಕೃತ್ತು, ಜೀವಸತ್ವ ಎಲ್ಲ ಒಟ್ಟಿಗೆ ಬರುತ್ತದೆ. ಒಂದೇ ತಿನಿಸಿನಲ್ಲಿ ಪೂರ್ಣತೆಗೆ ಹತ್ತಿರ ಬರುವುದು ಅದೇ. ನಿನ್ನ ಹಾವಿಗೆ ಬೇಕಾದದ್ದು ಪಿಂಕಿ, ಕೂದಲು ಹುಟ್ಟದ, ಒಂದೆರಡು ಗ್ರಾಂ ತೂಕದ, ಹೆಪ್ಪುಗಟ್ಟಿಸಿ ಮಾರುವ ಮರಿ. ಜೀವಂತ ಇಲಿ ಕೊಡಬೇಡ. ದೊಡ್ಡದಾದರೆ ಹಾವನ್ನೇ ಕಚ್ಚುತ್ತದೆ, ಸಣ್ಣದಾದರೆ ನೋಡುವ ನಿನಗೇ ಆಗುವುದಿಲ್ಲ.

ಆ ಮೊದಲ ಹಾವು ಹೋದ ಮೇಲೆ ಸಾಕಿದ ಎರಡನೆಯ ಹಾವಿಗೆ ನಾನು ಪಿಂಕಿ ಒಪ್ಪಿಸಿದ ಬಗೆ ಹೇಳುತ್ತೇನೆ. ಹೆಪ್ಪುಗಟ್ಟಿದ್ದನ್ನು ಜಿಪ್ ಚೀಲದಲ್ಲಿ ಹಾಕಿ ಬೆಚ್ಚನೆಯ ನೀರಿನಲ್ಲಿ ಇಟ್ಟೆ. ಮೈಕ್ರೋವೇವ್ ಬೇಡ, ಒಂದು ಕಡೆ ಬೆಂದು ಇನ್ನೊಂದು ಕಡೆ ಹೆಪ್ಪಾಗಿ ಉಳಿಯುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ ಕೂಡ. ಮೆತ್ತಗಾದ ಮೇಲೆ ಕಾಗದದಲ್ಲಿ ಒರೆಸಿ, ಕತ್ತರಿಸಿದ ಎರೆಹುಳುವನ್ನು ಅದರ ಮೈಗೆಲ್ಲ ಉಜ್ಜಿದೆ, ಬದನೆಕಾಯಿಗೆ ಮಸಾಲೆ ಸವರಿದ ಹಾಗೆ. ಉದ್ದ ಇಕ್ಕಳದಲ್ಲಿ ಹಿಡಿದು ಮೂಗಿನ ಮುಂದೆ ಮೆಲ್ಲಗೆ ಆಡಿಸಿದೆ. ನಾಲಿಗೆ ಎರಡು ಸಲ ಬಂತು, ತಲೆ ಹಿಂದೆ ಹೋಯಿತು. ಆವತ್ತು ಇಲ್ಲ. ಮುಂದಿನ ವಾರ ಉಪಾಯ ಬದಲಿಸಿದೆ. ತಟ್ಟೆಯಲ್ಲಿ ಎರೆಹುಳುವಿನ ತುಂಡುಗಳು, ನಡುವೆ ಪಿಂಕಿಯ ಸಣ್ಣ ಎರಡು ಚೂರು. ಮಕ್ಕಳಿಗೆ ಬೆಲ್ಲದೊಳಗೆ ಮಾತ್ರೆ ಇಟ್ಟು ಕೊಡುವ ಹಳೆಯ ವಿದ್ಯೆ. ಹಾವು ತಟ್ಟೆಗೆ ಬಂದು ಹುಳುವಿನ ತುಂಡು ಹಿಡಿಯಿತು, ನುಂಗಿತು, ಇನ್ನೊಂದು ಹಿಡಿಯಿತು. ಮೂರನೆಯದು ಪಿಂಕಿಯ ಚೂರು. ದವಡೆ ಒಂದು ಕ್ಷಣ ನಿಂತಿತು. ನಾನು ಉಸಿರು ಹಿಡಿದೆ. ಬಲ ದವಡೆ ಮುಂದೆ, ಎಡ ದವಡೆ ಮುಂದೆ, ನಡೆಯುವವರ ಹೆಜ್ಜೆಯ ಹಾಗೆ, ಒಳಗೆ ಹೋಯಿತು. ಐದಾರು ವಾರ ಹುಳು ಕಡಿಮೆ ಮಾಡುತ್ತ ಚೂರು ಹೆಚ್ಚು ಮಾಡುತ್ತ ಹೋದೆ. ಆಮೇಲೆ ಇಡೀ ಪಿಂಕಿಗೆ ಹುಳುವಿನ ವಾಸನೆಯೂ ಬೇಕಾಗಲಿಲ್ಲ.

ನಿನ್ನವು ಮೀನಿನ ಅಭ್ಯಾಸದವು. ನೀನು ಹುಳುವಿನ ಬದಲು ಟ್ರೌಟ್ ತುಂಡನ್ನು ಉಜ್ಜಿ ನೋಡು. ತಿನ್ನದಿದ್ದರೆ ಮುಖದ ಮುಂದೆ ಹಿಡಿದು ಕಾಟ ಕೊಡಬೇಡ. ತೆಗೆದುಬಿಡು, ನಾಲ್ಕು ದಿನ ಬಿಟ್ಟು ಮತ್ತೆ ನೋಡು. ಆರೋಗ್ಯವಾದ ದೊಡ್ಡ ಹಾವು ಒಂದು ಊಟ ತಪ್ಪಿಸಿಕೊಂಡರೆ ಏನೂ ಆಗುವುದಿಲ್ಲ. ಕಣ್ಣು ಮಂಜಾಗಿ ನೀಲಿಗಟ್ಟಿದ್ದರೆ ಪೊರೆ ಬಿಡುವ ಸಮಯ, ಆಗ ಕೇಳಲೇಬೇಡ. ಒಮ್ಮೆ ಇಲಿಮರಿ ಹಿಡಿಸಿತು ಅಂತ ದಿನ ಬಿಟ್ಟು ದಿನ ಅದನ್ನೇ ಬಡಿಸಿದರೆ ಕೊಬ್ಬೇರುತ್ತದೆ. ಇವು ಮೂಲತಃ ಹುಳು, ಮೀನು, ಕಪ್ಪೆ ತಿಂದು ತೆಳ್ಳಗೆ ಓಡಾಡುವ ಜೀವ. ನನ್ನಲ್ಲಿ ದೊಡ್ಡ ಹಾವಿಗೆ ಐದರಿಂದ ಏಳು ದಿನಕ್ಕೊಮ್ಮೆ ಊಟ. ಹುಳುವಿನ ಊಟ ಬೇಗ ಕರಗುತ್ತದೆ, ಪಿಂಕಿಯ ಊಟ ನಿಧಾನ. ಅದಕ್ಕೆ ತಕ್ಕ ಹಾಗೆ ಒಂದೆರಡು ದಿನ ಹಿಂದೆ ಮುಂದೆ. ಮರಿಗಳಾಗಿದ್ದರೆ ವಾರಕ್ಕೆ ಎರಡು ಮೂರು ಸಲ ಬೇಕು. ತುತ್ತು ಹಾವಿನ ಹೊಟ್ಟೆಯ ದಪ್ಪ ಮೀರಬಾರದು. ಉಂಡ ಮೇಲೆ ಪೆಟ್ಟಿಗೆಯ ಒಂದು ಮೂಲೆಯಾದರೂ ಮೂವತ್ತು ಡಿಗ್ರಿ ಸೆಲ್ಸಿಯಸ್ ಹತ್ತಿರ ಬೆಚ್ಚಗಿರಬೇಕು. ಶಾಖ ಇಲ್ಲದೆ ಹಾವಿಗೆ ಅರಗುವುದಿಲ್ಲ.

ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ಉಣಿಸುತ್ತಿದ್ದೀಯಲ್ಲ, ಅದನ್ನು ನಿಲ್ಲಿಸು. ಊಟದ ವಾಸನೆ ಬಂದರೆ ಇವಕ್ಕೆ ಮೈಮೇಲೆ ಪರಿವೆ ಇರುವುದಿಲ್ಲ. ಒಂದೇ ಹುಳುವಿನ ಎರಡು ತುದಿಯನ್ನು ಎರಡೂ ಹಿಡಿದರೆ ನಡುವೆ ಸೇರಿದಾಗ ಯಾವುದೂ ಬಿಡುವುದಿಲ್ಲ, ದೊಡ್ಡದು ಚಿಕ್ಕದರ ತಲೆಯನ್ನೇ ನುಂಗಲು ಹೊರಡುತ್ತದೆ. ಬೇರೆ ಬೇರೆ ಡಬ್ಬಿಯಲ್ಲಿ ಉಣಿಸಿ, ಬಾಯಿ ಒರೆಸಿಕೊಂಡ ಮೇಲೆ ಒಟ್ಟಿಗೆ ಬಿಡು. ನಿನ್ನ ಬೆರಳಿಗೆ ಮೀನಿನ ವಾಸನೆ ಇದ್ದರೆ ಅದನ್ನೂ ಹಿಡಿಯುತ್ತವೆ. ಕಚ್ಚಿದರೆ ಗೀರಿದಷ್ಟೇ, ಹೆದರಬೇಡ. ಆದರೆ ಹೊರಗೆಳೆಯಲು ಹೋಗಿ ಅದರ ಹಲ್ಲು ಮುರಿಯಬೇಡ.

ಅಡುಗೆಮನೆಯ ವಿಷಯ. ನಿಮ್ಮ ಅತ್ತೆ ನನಗೆ ಹಾಕಿದ ಷರತ್ತು ಒಂದೇ: ಹಾವಿನ ಊಟ ನಮ್ಮ ಫ್ರಿಜ್ಜಿಗೆ ಬರಕೂಡದು. ನಾನು ಕೇಳಲಿಲ್ಲ. ಎರೆಹುಳು ಬರುವುದು ಬಿಳಿ ಥರ್ಮೋಕೋಲ್ ಡಬ್ಬಿಯಲ್ಲಿ, ನೋಡಲು ಥೇಟ್ ಮೊಸರಿನ ಡಬ್ಬಿ. ಒಂದು ಯುಗಾದಿಗೆ ಕನ್ನಡದವರು ಏಳೆಂಟು ಮನೆಯವರು ಊಟಕ್ಕೆ ಬಂದಿದ್ದರು. ಮಜ್ಜಿಗೆ ಕಡೆಯಲು ಹೋದ ಹೆಣ್ಣುಮಗಳೊಬ್ಬಳು ಆ ಡಬ್ಬಿಯ ಮುಚ್ಚಳ ತೆಗೆದಳು. ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಒಬ್ಬಟ್ಟು ಯಾರೂ ಸರಿಯಾಗಿ ತಿನ್ನಲಿಲ್ಲ. ಮಾರನೆಯ ದಿನವೇ ಗ್ಯಾರೇಜಿಗೆ ಒಂದು ಸಣ್ಣ ಫ್ರಿಜ್ ಬಂತು.

ಆದರೆ ನಿಮ್ಮ ಅತ್ತೆಯ ಮಾತಿನಲ್ಲಿ ಮಡಿಗಿಂತ ಹೆಚ್ಚಿನ ಅರ್ಥ ಇತ್ತು ಅಂತ ಆಮೇಲೆ ತಿಳಿಯಿತು. ಹಾವಿನ ಮೈಯಲ್ಲೂ, ಹೆಪ್ಪುಗಟ್ಟಿದ ಇಲಿಮರಿಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಫ್ರೀಜರಿನ ಚಳಿಗೆ ಅದು ಸಾಯುವುದಿಲ್ಲ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳು ಸರೀಸೃಪಗಳನ್ನು ಮುಟ್ಟಬಾರದು ಎಂದು ಇಲ್ಲಿನ ರೋಗ ನಿಯಂತ್ರಣ ಕೇಂದ್ರ, ಸಿ.ಡಿ.ಸಿ.ಯವರು ಹೇಳುತ್ತಾರೆ. ನಿನ್ನ ಮಗಳಿಗೆ ಮೂರು. ಗಾಜಿನ ಹೊರಗಿನಿಂದ ನೋಡಲಿ, ಹೆಸರಿಡಲಿ, ಕುಣಿಯಲಿ. ಹಾವನ್ನೂ ಅದರ ಬಟ್ಟಲನ್ನೂ ಮುಟ್ಟುವುದು ಬೇಡ. ಹಾವಿನ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡ. ಇಕ್ಕಳ, ಕತ್ತರಿ, ಹಲಗೆ ಎಲ್ಲ ಬೇರೆಯೇ ಇರಲಿ. ಕೈಗೆ ಸೋಪು, ನೀರು. ಸ್ಯಾನಿಟೈಸರ್ ಹಚ್ಚಿ ಮುಗಿಸಬೇಡ.

ನೀನು ಸಣ್ಣವನಿದ್ದಾಗ ನಮ್ಮೂರ ಗದ್ದೆಯ ಅಂಚಿನಲ್ಲಿ ಒಂದು ನೀರೊಳ್ಳೆ ಹಾವು ಕಪ್ಪೆ ಹಿಡಿದದ್ದನ್ನು ತೋರಿಸಿದ್ದೆ, ನೆನಪಿದೆಯೇ? ಕಪ್ಪೆ ಕೂಗುತ್ತಿತ್ತು, ನೀನೂ ಕೂಗುತ್ತಿದ್ದೆ. ಆ ನೀರೊಳ್ಳೆಯೂ ನಿನ್ನ ಗಾರ್ಟರೂ ಒಂದೇ ಉಪಕುಟುಂಬದವು, ದೂರದ ದಾಯಾದಿಗಳು. ಇಲ್ಲಿ ಹಾವು ಸಾಕಿದ ಉಮೇದಿನಲ್ಲಿ ರಜೆಗೆ ಊರಿಗೆ ಹೋದಾಗ ಅದನ್ನು ಹಿಡಿದು ಡಬ್ಬಿಗೆ ಹಾಕೀಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಹಾವುಗಳನ್ನು ಹಿಡಿದು ಸಾಕುವುದು ಅಪರಾಧ. ಗದ್ದೆಯಲ್ಲಿ ನೋಡು, ಸಾಕು.

ಇಲ್ಲಿ ನನ್ನ ಹಿತ್ತಲಿಗೆ ಪ್ರತಿ ವರ್ಷ ಮೇ ತಿಂಗಳಲ್ಲಿ ಕಾಡಿನ ಗಾರ್ಟರ್ ಒಂದು ಬರುತ್ತದೆ. ಹೋದ ಸಲ ಮಳೆ ನಿಂತ ಸಂಜೆ ಕಾಫಿ ಹಿಡಿದು ಕೂತಿದ್ದೆ. ಹುಲ್ಲಿನೊಳಗಿಂದ ಬಂದು ಬಿಲದಿಂದ ಅರ್ಧ ಹೊರಬಂದ ಎರೆಹುಳುವನ್ನು ಹಿಡಿಯಿತು. ಹುಳು ಬಿಲದ ಗೋಡೆಯನ್ನು ಕಚ್ಚಿಕೊಂಡು ಎಳೆಯುತ್ತದೆ, ಹಾವು ಎಳೆಯುವುದಿಲ್ಲ, ಸುಮ್ಮನೆ ಹಿಡಿದುಕೊಂಡಿದೆ. ಹುಳು ಸಡಿಲಿಸಿದಾಗ ಒಂದಿಂಚು ಹಿಂದೆ. ಮತ್ತೆ ಸುಮ್ಮನೆ. ನನ್ನ ಕಾಫಿ ಆರಿ ಹೋಯಿತು. ಇನ್ನೊಂದು ತಮಾಷೆ ಅಂದರೆ, ಹಿಮಯುಗ ಹೆಪ್ಪುಗಟ್ಟಿಸಿದ್ದ ಈ ಉತ್ತರದ ನೆಲದಲ್ಲಿ ಆ ಎರೆಹುಳುವೇ ಪರದೇಶಿ, ಯುರೋಪಿನವರ ಜೊತೆ ಹಡಗಿನಲ್ಲಿ ಬಂದದ್ದು. ಹಾವಿಗೆ ಅದೆಲ್ಲ ಯಾಕೆ? ಸಿಕ್ಕಿದ್ದನ್ನು ಒಗ್ಗಿಸಿಕೊಂಡಿತು. ಅದೇ ಹಾವು ಎರಡು ದಿನದ ನಂತರ ಕೊಳದ ಬಳಿ ಕಪ್ಪೆಮರಿ ಹಿಡಿಯುತ್ತಿತ್ತು. ಅದಕ್ಕೆ ಇಡೀ ಹಿತ್ತಲಿದೆ. ನಿನ್ನ ಹಾವಿಗೆ ಇರುವುದು ನೀನೊಬ್ಬ. ನೀನು ಏನು ತರುತ್ತೀಯೋ ಅದೇ ಅದರ ಕಾಡು.

ಇವತ್ತು ಮಾಡಬೇಕಾದದ್ದು ಕೇಳು. ಬಟ್ಟಲಿನಲ್ಲಿ ಉಳಿದ ರೋಸಿ ರೆಡ್‌ಗಳನ್ನು ತೆಗೆದುಬಿಡು. ಹಳ್ಳಕ್ಕೆ ಮಾತ್ರ ಬಿಡಬೇಡ; ಬೇರೆ ತೊಟ್ಟಿಯಲ್ಲಿ ಮಗಳು ಸಾಕಲಿ. ಎಷ್ಟು ತಿಂಗಳು ಅದನ್ನೇ ಕೊಟ್ಟಿದ್ದೀಯ ಅಂತ ಲೆಕ್ಕ ಹಾಕಿ, ಸರೀಸೃಪ ನೋಡುವ ಡಾಕ್ಟರಿಗೆ ಫೋನ್ ಮಾಡಿ ಬಿ-1 ಕೊಡಬೇಕೇ, ಎಷ್ಟು ಅಂತ ಕೇಳು. ನೀನೇ ಮಾತ್ರೆ ಪುಡಿ ಮಾಡಬೇಡ. ತಲೆ ವಾಲುವುದು, ನಡುಕ ಏನಾದರೂ ಕಂಡರೆ ನನ್ನ ಹಾಗೆ ಒಂದು ದಿನ ಕಾಯಬೇಡ, ಆ ಗಳಿಗೆಯೇ ಹೊರಡು. ನಾಳೆ ಒಂದು ಡಬ್ಬಿ ನೈಟ್‌ಕ್ರಾಲರ್ ತಾ, ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಹುಳು ಅಂತ ಬರೆ. ಕ್ಯಾಲೆಂಡರಿನಲ್ಲಿ ಯಾವ ದಿನ ಏನು ಕೊಟ್ಟೆ ಅಂತ ಗುರುತು ಹಾಕುತ್ತ ಹೋಗು. ಡಾಕ್ಟರು ಕೇಳುವ ಮೊದಲ ಪ್ರಶ್ನೆಗೆ ನಿನ್ನ ಬಳಿ ಉತ್ತರ ಇರಲಿ.

ಬುಧವಾರ ರಾತ್ರಿ ಫೋನ್ ಮಾಡು. ಎರಡೂ ಹುಳು ತಿಂದವೋ ಇಲ್ಲವೋ ಅಂತ ಮೊದಲು ಹೇಳು, ಆಮೇಲೆ ನಿನ್ನ ಆಫೀಸಿನ ಕಥೆ.